ಯಾರ ಹೃದಯ ನೋಡಿ ಕಲಿತಿದೆ ಈ ಯಂತ್ರ?

(ಹಾಸನದಲ್ಲಿ ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ)

2025ರ ಜೂನ್, ಜುಲೈ ತಿಂಗಳನ್ನು ಇಲ್ಲಿ ಕೂತಿರುವ ಯಾರೂ ಮರೆತಿರಲಿಕ್ಕಿಲ್ಲ. ಬೆಳಗಾದರೆ ಹಾಸನದ ಹೃದಯಾಘಾತದ ಸುದ್ದಿ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಉದ್ದದ ಸಾಲು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. ಸಾವಿನ ಸಂಖ್ಯೆ ದಿಢೀರನೆ ಏರಿಲ್ಲ ಅಂತ ಸಮಿತಿ ಹೇಳಿದ ಮೇಲೆ ಜನ ಸ್ವಲ್ಪ ನಿರಾಳರಾದರು. ಆ ದಿನಗಳಲ್ಲಿ ನನ್ನ ಹತ್ತಿರ ಬಂದವರು ಕೇಳುತ್ತಿದ್ದದ್ದು ಹೆಚ್ಚಾಗಿ ಒಂದೇ ಪ್ರಶ್ನೆ: "ಡಾಕ್ಟ್ರೇ, ಇಸಿಜಿ ನಾರ್ಮಲ್ ಬಂದಿದೆ. ಇನ್ನು ಹೃದಯದ ಚಿಂತೆ ಇಲ್ಲ ಅಲ್ವಾ?"

ಹಾಗೆ ಹೇಳಲು ಬರುವುದಿಲ್ಲ. ಹೃದಯಾಘಾತ ಅಂದರೆ ಹೃದಯದ ಮಾಂಸಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ನಾನು ಇವತ್ತು ಮಾತಾಡಲು ಬಂದಿರುವುದು ಬೇರೆ ಕಾಯಿಲೆಯ ಬಗ್ಗೆ. ಅದು ಹೃದಯದ ಒಳಗಿರುವ ಕವಾಟಗಳ, ಅಂದರೆ ವಾಲ್ವುಗಳ ಕಾಯಿಲೆ. ವಾಲ್ವು ಸಾಕಷ್ಟು ಕೆಟ್ಟಿದ್ದರೂ ಇಸಿಜಿ ಚೆನ್ನಾಗಿಯೇ ಕಾಣಬಹುದು.

ಪಂಪ್‌ಸೆಟ್ ಇಟ್ಟುಕೊಂಡಿರುವ ರೈತರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಫುಟ್‌ವಾಲ್ವ್ ಇದೆಯಲ್ಲ, ಅದರ ಕೆಲಸವೇ ಇದು. ನೀರು ಮೇಲಕ್ಕೆ ಹೋಗಬೇಕು, ಹಿಂದಕ್ಕೆ ಇಳಿಯಬಾರದು. ಅದು ಸೋರಿದರೆ ಮೋಟಾರು ಸುಮ್ನೆ ಓಡುತ್ತದೆ. ಕಸ ಕಟ್ಟಿ ಬಾಯಿ ಕಿರಿದಾದರೂ ಅಷ್ಟೇ. ಹೃದಯದಲ್ಲಿ ಅಂಥವು ನಾಲ್ಕಿವೆ. ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುತ್ತವೆ. ತೊಂದರೆಯೂ ಎರಡೇ ಬಗೆ: ಕಿರಿದಾಗುವುದು, ಸೋರುವುದು. ಕೆಲವರಲ್ಲಿ ಎರಡೂ ಒಟ್ಟಿಗೆ ಇರುತ್ತವೆ.

ನಾನು ಎಕೋ ಮಾಡುವ, ಅಂದರೆ ಶಬ್ದದ ಅಲೆ ಬಿಟ್ಟು ಹೃದಯದ ಚಿತ್ರ ನೋಡುವ ಡಾಕ್ಟರು. ಆಪರೇಷನ್ ಮಾಡುವವನಲ್ಲ. ಸರ್ಜನ್ ಕೈ ಹಾಕುವ ಮೊದಲು ಒಳಗೆ ಏನಿದೆ, ಎಷ್ಟು ಅಗಲ ಇದೆ, ಎಲ್ಲಿ ಹರಿದಿದೆ ಅಂತ ನೋಡಿ ಹೇಳುವುದು ನನ್ನ ಕೆಲಸ. ಈಗ ಈ ಕೆಲಸಕ್ಕೆ ಕಂಪ್ಯೂಟರ್ ಬಂದಿದೆ. ಚಿತ್ರ ನೋಡಿ ತಾನೇ ಗೆರೆ ಎಳೆಯುವ, ತಾನೇ ಅಳೆಯುವ ಯಂತ್ರಗಳು ಬಂದಿವೆ. ಅವು ನಿಜಕ್ಕೂ ಒಳ್ಳೆಯ ಕೆಲಸ ಮಾಡುತ್ತವೆ. ಆದರೆ ಅವು ಯಾರ ವಾಲ್ವುಗಳನ್ನು ನೋಡಿ ಕಲಿತಿವೆ ಅನ್ನುವುದು ಹಾಸನದಂಥ ಜಿಲ್ಲೆಗೆ ತುಂಬ ಮುಖ್ಯ. ನಾನು ಹೇಳಬೇಕಾದದ್ದು ಅದನ್ನೇ. ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ.

1925ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಸೌಟರ್ ಅನ್ನುವ ಸರ್ಜನ್ ಒಬ್ಬ ಹುಡುಗಿಯ ಹೃದಯದೊಳಗೆ ಬೆರಳು ತೂರಿಸಿ ಎಡಗಡೆಯ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಮೈಟ್ರಲ್ ವಾಲ್ವನ್ನು ಸರಿ ಮಾಡಲು ನೋಡಿದರು. ಹೃದಯ ಬಡಿಯುತ್ತಲೇ ಇತ್ತು. ಅವರ ಕಣ್ಣಿಗೆ ಒಳಗಿನದೇನೂ ಕಾಣುತ್ತಿರಲಿಲ್ಲ. ಎಲ್ಲ ಬೆರಳ ತುದಿಯ ಅಂದಾಜು. ಹುಡುಗಿ ಬದುಕಿದಳು. ಆದರೆ ಈ ಆಪರೇಷನ್ ಮತ್ತೆ ಶುರುವಾಗಲು 1948ರವರೆಗೆ ಕಾಯಬೇಕಾಯಿತು.

ಆಗ ಡಾಕ್ಟರುಗಳನ್ನು ಕಾಡುತ್ತಿದ್ದದ್ದು ಇನ್ನೊಂದು ಪ್ರಶ್ನೆ. ಕಿರಿದಾದ ವಾಲ್ವನ್ನು ಬೆರಳಿನಿಂದ ಬಿಡಿಸಬಹುದು. ಆದರೆ ಅದು ಮೊದಲೇ ಸೋರುತ್ತಿದ್ದರೆ? ಬಿಡಿಸಿದ ಮೇಲೆ ಇನ್ನೂ ಜಾಸ್ತಿ ಸೋರುತ್ತದೆ, ರೋಗಿ ಕೈ ತಪ್ಪುತ್ತಾನೆ. ಸ್ವೀಡನ್ನಿನ ಲುಂಡ್ ಊರಿನಲ್ಲಿ ಇಂಗೆ ಎಡ್ಲರ್ ಅನ್ನುವ ಹೃದಯದ ಡಾಕ್ಟರಿಗೆ ಇದೇ ಚಿಂತೆ. ಹೆಲ್ಮುಟ್ ಹರ್ಟ್ಸ್ ಅನ್ನುವ ಭೌತವಿಜ್ಞಾನಿಯ ಹತ್ತಿರ ಹೇಳಿಕೊಂಡರು. ಹರ್ಟ್ಸ್ ಮಾಲ್ಮೋ ಊರಿನ ಹಡಗು ಕಟ್ಟುವ ಕಾರ್ಖಾನೆಗೆ ಹೋದರು. ಅಲ್ಲಿ ಲೋಹದ ಬೆಸುಗೆಯಲ್ಲಿ ಬಿರುಕು ಇದೆಯೇ ಅಂತ ಶಬ್ದದ ಅಲೆ ಬಿಟ್ಟು ನೋಡುವ ಯಂತ್ರ ಇತ್ತು. ಅದನ್ನು ತಮ್ಮ ಎದೆಗೇ ಇಟ್ಟುಕೊಂಡು ನೋಡಿದರು. ಪರದೆ ಮೇಲೆ ಏನೋ ಮಿಡಿಯಿತು. 1953ರ ಅಕ್ಟೋಬರ್ 29ರಂದು ಇಬ್ಬರೂ ಸೇರಿ ಬಡಿಯುವ ಹೃದಯದ ಮೊದಲ ಎಕೋ ದಾಖಲೆ ಮಾಡಿದರು.

ಈ ಕಥೆಯನ್ನು ಸುಮ್ನೆ ಹೇಳುತ್ತಿಲ್ಲ. ಎಕೋ ಹುಟ್ಟಿದ್ದೇ ವಾಲ್ವಿನ ಆಪರೇಷನ್ನಿಗಾಗಿ. ನೋಡದೆ ಕೈ ಹಾಕಬಾರದು ಅನ್ನುವ ಕಾಳಜಿಯಿಂದ. ಇವತ್ತಿನ ಕಂಪ್ಯೂಟರ್ ಚಿತ್ರಗಳೆಲ್ಲ ಅದೇ ಕಾಳಜಿಯ ಮುಂದುವರಿಕೆ.

ಈಗ ಇವತ್ತಿನ ಒಂದು ಆಪರೇಷನ್ನನ್ನು ಹತ್ತಿರದಿಂದ ನೋಡೋಣ. ಎಪ್ಪತ್ತೈದು ದಾಟಿದ ಯಜಮಾನರು ಅಂತ ಇಟ್ಟುಕೊಳ್ಳಿ. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ. ಒಂದು ದಿನ ತಲೆ ತಿರುಗಿ ಬಿದ್ದರು. ಅಯೋರ್ಟಿಕ್ ವಾಲ್ವಿನ ಮೇಲೆ ಸುಣ್ಣ ಕಟ್ಟಿದೆ. ಹೃದಯದಿಂದ ಇಡೀ ಮೈಗೆ ರಕ್ತ ಹೋಗುವ ದಾರಿ ಅದು. ಚೆನ್ನಾಗಿರುವ ವಾಲ್ವಿನ ಬಾಯಿ 3ರಿಂದ 4 ಚದರ ಸೆಂಟಿಮೀಟರ್ ಅಗಲ ತೆರೆಯುತ್ತದೆ. ಅದು 1ಕ್ಕಿಂತ ಕಡಿಮೆಯಾದರೆ ಕಾಯಿಲೆ ಗಂಭೀರ ಅನ್ನುತ್ತೇವೆ. ಹಿಂದೆ ಎದೆ ತೆರೆದು ವಾಲ್ವು ಬದಲಿಸುವುದೊಂದೇ ದಾರಿ. 2002ರ ಏಪ್ರಿಲ್ 16ರಂದು ಫ್ರಾನ್ಸಿನ ರೂವಾನ್ ಊರಿನಲ್ಲಿ ಅಲೆನ್ ಕ್ರಿಬಿಯೆ ಮೊದಲ ಬಾರಿಗೆ ಎದೆ ತೆರೆಯದೆ, ರಕ್ತನಾಳದ ಮೂಲಕ ಹೊಸ ವಾಲ್ವು ಒಯ್ದು ಕೂರಿಸಿದರು. ಈಗ ಇದಕ್ಕೆ ಟಾವಿ ಅನ್ನುತ್ತಾರೆ. ಸಾಮಾನ್ಯವಾಗಿ ತೊಡೆಯ ನಾಳದಿಂದ ಹೋಗುತ್ತಾರೆ.

ಇಲ್ಲಿ ಒಂದು ಕಷ್ಟ ಇದೆ. ಎದೆ ತೆರೆದಾಗ ಸರ್ಜನ್ ಹಳೆಯ ವಾಲ್ವನ್ನು ಕತ್ತರಿಸಿ ತೆಗೆದು, ಅಳತೆಯ ಬಿಲ್ಲೆ ಒಳಗಿಟ್ಟು, ಯಾವ ಸೈಜ್ ಬೇಕು ಅಂತ ಕಣ್ಣಾರೆ ನೋಡುತ್ತಾರೆ. ಟಾವಿಯಲ್ಲಿ ಅದಕ್ಕೆ ಅವಕಾಶ ಇಲ್ಲ. ಹಳೆಯ ವಾಲ್ವು ಒಳಗೇ ಇರುತ್ತದೆ. ಹೊಸದು ಅದನ್ನು ಬದಿಗೆ ಒತ್ತಿ ಕೂರುತ್ತದೆ. ಹಾಗಾಗಿ ಸೈಜನ್ನು ಮೊದಲೇ ಚಿತ್ರ ನೋಡಿ ತೀರ್ಮಾನಿಸಬೇಕು. ಚಿಕ್ಕದು ಹಾಕಿದರೆ ಸುತ್ತಲೂ ರಕ್ತ ಸೋರುತ್ತದೆ. ದೊಡ್ಡದು ಹಾಕಿದರೆ ಬುಡವೇ ಹರಿಯಬಹುದು. ಹರಿದರೆ ಉಳಿಸುವುದು ಬಹಳ ಕಷ್ಟ.

ಅಳತೆ ಹೇಗೆ ಮಾಡುತ್ತೇವೆ ಅಂತ ಹೇಳುತ್ತೇನೆ, ಕೇಳಿ. ಸಿಟಿ ಸ್ಕ್ಯಾನ್ ಮಾಡುವಾಗ ಹೃದಯದ ಬಡಿತದ ಜೊತೆ ಹೊಂದಿಸಿ ಒಂದು ಮಿಲಿಮೀಟರಿಗಿಂತ ತೆಳುವಾದ ಪದರ ಪದರವಾಗಿ ಚಿತ್ರ ತೆಗೆಯುತ್ತಾರೆ. ಅಯೋರ್ಟಿಕ್ ವಾಲ್ವಿಗೆ ಮೂರು ಎಸಳು. ಪ್ರತಿ ಎಸಳೂ ಗೋಡೆಗೆ ಸೇರುವ ಅತಿ ಕೆಳಗಿನ ಬಿಂದು ಒಂದಿದೆ. ಆ ಮೂರು ಬಿಂದುಗಳನ್ನು ಹುಡುಕಬೇಕು. ಮೂರನ್ನೂ ಮುಟ್ಟುವಂತೆ ಒಂದು ಸಮತಲ ಎಳೆಯಬೇಕು. ಆ ಸಮತಲದಲ್ಲಿ ಕಾಣುವ ಉಂಗುರದ ಅಂಚಿಗೆ ಗೆರೆ ಎಳೆದು ಅಳೆಯಬೇಕು. ಒಂದು ಬಿಂದು ಎರಡು ಮಿಲಿಮೀಟರ್ ಆಚೀಚೆ ಆದರೂ ಸಮತಲ ಓರೆಯಾಗುತ್ತದೆ, ಅಳತೆ ತಪ್ಪುತ್ತದೆ.

ಈ ಉಂಗುರ ದುಂಡಗಿರುವುದಿಲ್ಲ. ಮೊಟ್ಟೆಯಾಕಾರ. ಒಂದು ಉದಾಹರಣೆ ಲೆಕ್ಕ ಮಾಡೋಣ. ಉದ್ದದ ಕಡೆ 27 ಮಿಲಿಮೀಟರ್, ಗಿಡ್ಡ ಕಡೆ 21. ಮಾಮೂಲಿ ಎಕೋದಲ್ಲಿ ನಮಗೆ ಹೆಚ್ಚಾಗಿ ಸಿಗುವುದು ಗಿಡ್ಡ ಕಡೆ. ಅದನ್ನೇ ನಂಬಿ ಉಂಗುರ ದುಂಡಗಿದೆ ಅಂದುಕೊಂಡರೆ ವಿಸ್ತೀರ್ಣ 346 ಚದರ ಮಿಲಿಮೀಟರ್ ಬರುತ್ತದೆ. ಸಿಟಿಯಲ್ಲಿ ಸುತ್ತಲೂ ಗೆರೆ ಎಳೆದು ಅಳೆದರೆ 445. ಬಲೂನ್ ಉಬ್ಬಿಸಿ ಕೂರಿಸುವ, ತುಂಬ ಬಳಕೆಯಲ್ಲಿರುವ ಒಂದು ವಾಲ್ವಿನ ಸೈಜ್ ಕೋಷ್ಟಕ ತೆಗೆದು ನೋಡಿದರೆ, 346ಕ್ಕೆ 23ರ ಸೈಜ್, 445ಕ್ಕೆ 26ರ ಸೈಜ್. ಅದೇ ಯಜಮಾನರು, ಅದೇ ಹೃದಯ. ಅಳೆದ ರೀತಿ ಬೇರೆಯಾದದ್ದಕ್ಕೆ ವಾಲ್ವೇ ಬೇರೆ. ಶುರುವಿನ ವರ್ಷಗಳಲ್ಲಿ ಟಾವಿ ಮಾಡಿಸಿಕೊಂಡವರಲ್ಲಿ ಸೋರಿಕೆ ಜಾಸ್ತಿ ಇದ್ದದ್ದಕ್ಕೆ ಇದೂ ಒಂದು ಕಾರಣ. ಸಿಟಿ ಅಳತೆ ರೂಢಿಗೆ ಬಂದ ಮೇಲೆ ಅದು ಕಡಿಮೆಯಾಯಿತು. ಗುಜರಾತಿನ ವಾಪಿಯಲ್ಲಿ ತಯಾರಾಗುವ ಮೈವಾಲ್ ಅನ್ನುವ ನಮ್ಮ ದೇಶದ ವಾಲ್ವು 21.5, 24.5, 27.5 ಅಂತ ನಡುವಿನ ಸೈಜುಗಳಲ್ಲೂ ಸಿಗುತ್ತದೆ. ಸೈಜುಗಳು ಹತ್ತಿರ ಹತ್ತಿರ ಆದಷ್ಟೂ ಅಳತೆ ಇನ್ನೂ ಕರಾರುವಾಕ್ಕಾಗಿರಬೇಕು.

ಇನ್ನೂ ಒಂದು ಅಳತೆ ಇದೆ. ಹೃದಯಕ್ಕೆ ರಕ್ತ ಕೊಡುವ ಎರಡು ನಾಳಗಳು ಈ ಉಂಗುರದ ಸ್ವಲ್ಪ ಮೇಲೆ ಹೊರಡುತ್ತವೆ. ಉಂಗುರದಿಂದ ಅವುಗಳ ಬಾಯಿಗೆ 10-12 ಮಿಲಿಮೀಟರಿಗಿಂತ ಕಡಿಮೆ ಎತ್ತರ ಇದ್ದರೆ ಎಚ್ಚರ ಬೇಕು. ಬದಿಗೆ ಒತ್ತಿದ ಹಳೆಯ ಎಸಳು ಹೋಗಿ ಅದೇ ಬಾಯಿಯನ್ನು ಮುಚ್ಚಬಹುದು. ಇದೆಲ್ಲ ಆಪರೇಷನ್ ಟೇಬಲ್ ಮೇಲೆ ಗೊತ್ತಾದರೆ ಪ್ರಯೋಜನ ಇಲ್ಲ. ಮೊದಲೇ ಗೊತ್ತಿರಬೇಕು.

ಈ ಮೂರು ಬಿಂದು, ಸಮತಲ, ಗೆರೆ, ಎತ್ತರ, ಇಷ್ಟನ್ನೂ ಈಗ ಯಂತ್ರ ಕೆಲವೇ ನಿಮಿಷದಲ್ಲಿ ಮಾಡಿ ಮುಂದಿಡುತ್ತದೆ. ಎಕ್ಸ್‌ರೇ ಕ್ಯಾಮರಾವನ್ನು ಯಾವ ಕೋನದಲ್ಲಿ ತಿರುಗಿಸಿದರೆ ಮೂರು ಬಿಂದುಗಳೂ ಒಂದೇ ಸಾಲಿನಲ್ಲಿ ಕಾಣುತ್ತವೆ ಅಂತಲೂ ಹೇಳುತ್ತದೆ. ಅದರಿಂದ ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಲೆಂದು ಚುಚ್ಚುವ ಬಣ್ಣದ ಔಷಧಿ ಕಡಿಮೆ ಸಾಕು. ಕಿಡ್ನಿ ಸೋತಿರುವ ವಯಸ್ಸಾದವರಿಗೆ ಇದು ಚಿಕ್ಕ ಉಪಕಾರ ಅಲ್ಲ. ಕೆಲವು ಕಡೆ ಸಿಟಿಯಲ್ಲಿ ಎಳೆದ ಗೆರೆಯನ್ನೇ ನೇರ ಎಕ್ಸ್‌ರೇ ಪರದೆಯ ಮೇಲೆ ಕೂರಿಸುತ್ತಾರೆ. ಎಕ್ಸ್‌ರೇಯಲ್ಲಿ ಎಸಳು ಕಾಣುವುದೇ ಇಲ್ಲ. ಆ ಗೆರೆ ಇದ್ದರೆ ಕೈಗೆ ದಾರಿ ಸಿಗುತ್ತದೆ.

ಯಂತ್ರ ಇದನ್ನು ಕಲಿಯುವುದು ಹೇಗೆ? ಸರಳವಾಗಿ ಹೇಳುತ್ತೇನೆ. ನುರಿತ ಡಾಕ್ಟರುಗಳು ನೂರಾರು, ಸಾವಿರಾರು ಚಿತ್ರಗಳ ಮೇಲೆ ಕೈಯಲ್ಲಿ ಗೆರೆ ಎಳೆದು ಕೊಡುತ್ತಾರೆ. ಯಂತ್ರ ಮೊದಲು ತಾನೊಂದು ಗೆರೆ ಎಳೆಯುತ್ತದೆ. ಡಾಕ್ಟರ ಗೆರೆಗೂ ತನ್ನದಕ್ಕೂ ಎಷ್ಟು ಭಾಗ ಒಂದರ ಮೇಲೊಂದು ಕೂತಿದೆ ಅಂತ ಲೆಕ್ಕ ಹಾಕುತ್ತದೆ. ಕಡಿಮೆ ಕೂತಿದ್ದರೆ ತನ್ನೊಳಗಿನ ಲಕ್ಷಗಟ್ಟಲೆ ಸಂಖ್ಯೆಗಳನ್ನು ಚೂರು ಚೂರು ಬದಲಿಸಿಕೊಂಡು ಮತ್ತೆ ಎಳೆಯುತ್ತದೆ. ಹೀಗೇ ಸಾವಿರಾರು ಸಲ. 2015ರಲ್ಲಿ ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದವರು ಯು-ನೆಟ್ ಅನ್ನುವ ವಿಧಾನ ಕೊಟ್ಟರು. ಅದು ಚಿತ್ರವನ್ನು ಹಂತ ಹಂತವಾಗಿ ಕುಗ್ಗಿಸುತ್ತಾ ಇದು ಏನು ಅಂತ ಹುಡುಕುತ್ತದೆ. ಮತ್ತೆ ಹಿಗ್ಗಿಸುತ್ತಾ ಅದರ ಅಂಚು ಸರಿಯಾಗಿ ಎಲ್ಲಿದೆ ಅಂತ ಗುರುತಿಸುತ್ತದೆ. ವೈದ್ಯಕೀಯ ಚಿತ್ರಗಳಲ್ಲಿ ಗೆರೆ ಎಳೆಯುವ ಎಷ್ಟೋ ಯಂತ್ರಗಳು ಇವತ್ತಿಗೂ ಈ ವಿಧಾನದಿಂದ ಬಂದವೇ.

ಯಂತ್ರದ ದೊಡ್ಡ ಗುಣ ಒಂದಿದೆ. ಅದೇ ಚಿತ್ರ ಕೊಟ್ಟರೆ ಅದೇ ಉತ್ತರ. ಬೆಳಗ್ಗೆ ಒಂದು, ರಾತ್ರಿ ಡ್ಯೂಟಿ ಮುಗಿಯುವ ಹೊತ್ತಿಗೆ ಇನ್ನೊಂದು ಅಂತ ಇಲ್ಲ. ಇದು ಎಷ್ಟು ಮುಖ್ಯ ಅನ್ನುವುದಕ್ಕೆ ಸೋರುವ ಮೈಟ್ರಲ್ ವಾಲ್ವಿನ ಉದಾಹರಣೆ ನೋಡಿ. ಸೋರಿಕೆ ಜಾಸ್ತಿ ಇದೆ, ಆದರೆ ರೋಗಿಗೆ ಇನ್ನೂ ಏನೂ ತೊಂದರೆ ಕಾಣುತ್ತಿಲ್ಲ. ಆಪರೇಷನ್ ಯಾವಾಗ? ಹೃದಯ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಶೇಕಡಾ ಎಷ್ಟು ಹೊರಗೆ ತಳ್ಳುತ್ತದೆ ಅಂತ ಅಳೆಯುತ್ತೇವೆ. ರಿಪೋರ್ಟಿನಲ್ಲಿ ಇಎಫ್ ಅಂತ ಬರೆದಿರುತ್ತದೆ, ನೀವು ನೋಡಿರುತ್ತೀರಿ. ಈ ಕಾಯಿಲೆಯಲ್ಲಿ ಅದು 60ಕ್ಕೆ ಇಳಿದರೆ ತಡ ಮಾಡಬಾರದು ಅನ್ನುವುದು ನಿಯಮ. ಬೇರೆಯವರಿಗೆ 60 ಅಂದರೆ ಚೆನ್ನಾಗಿದೆ ಅಂತ ಅರ್ಥ. ಇವರಿಗೆ ಹಾಗಲ್ಲ. ರಕ್ತದ ಒಂದು ಭಾಗ ಹಿಂದಕ್ಕೂ ಹೋಗುತ್ತಿರುವುದರಿಂದ ಹೃದಯಕ್ಕೆ ತಳ್ಳುವುದು ಸುಲಭ, ಅಂಕ ಜಾಸ್ತಿಯೇ ತೋರಿಸುತ್ತದೆ. ಇನ್ನು ಸಮಸ್ಯೆ ನೋಡಿ: ಒಂದೇ ರೋಗಿಯನ್ನು ಇಬ್ಬರು ಅನುಭವಿಗಳು ಅಳೆದರೆ ಈ ಅಂಕದಲ್ಲಿ 5ರಿಂದ 10ರವರೆಗೆ ವ್ಯತ್ಯಾಸ ಬರಬಹುದು. 64 ಅಂತ ಒಬ್ಬರು, 58 ಅಂತ ಇನ್ನೊಬ್ಬರು. ಒಬ್ಬರ ಪ್ರಕಾರ ಆರು ತಿಂಗಳು ಬಿಟ್ಟು ಬನ್ನಿ, ಇನ್ನೊಬ್ಬರ ಪ್ರಕಾರ ಆಪರೇಷನ್ ಮಾಡಿಸಿ. 2020ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 10 ಸಾವಿರಕ್ಕೂ ಹೆಚ್ಚು ಎಕೋ ವಿಡಿಯೊಗಳಿಂದ ಯಂತ್ರಕ್ಕೆ ಈ ಅಳತೆ ಕಲಿಸಿದರು. ಬಡಿತದಿಂದ ಬಡಿತಕ್ಕೆ ಅಳೆಯುತ್ತದೆ. ಆರು ತಿಂಗಳ ಹಿಂದಿನ ಚಿತ್ರವನ್ನೂ ಇವತ್ತಿನದನ್ನೂ ಒಂದೇ ಕಣ್ಣಿನಿಂದ ನೋಡಿ ಹೋಲಿಸುವ ಅವಕಾಶ ಹೀಗೆ ಸಿಗುತ್ತದೆ.

ಆದರೆ ಒಂದೇ ಉತ್ತರ ಅಂದ ಮಾತ್ರಕ್ಕೆ ಸರಿ ಉತ್ತರ ಅಂತ ಅಲ್ಲ. ತಪ್ಪನ್ನೂ ಯಂತ್ರ ಪ್ರತಿ ಸಲ ಅದೇ ರೀತಿ ಮಾಡುತ್ತದೆ. ಸುಣ್ಣ ತುಂಬ ಕಟ್ಟಿದ್ದರೆ ಸಿಟಿಯಲ್ಲಿ ಅದು ಇರುವುದಕ್ಕಿಂತ ದೊಡ್ಡದಾಗಿ ಹೊಳೆಯುತ್ತದೆ. ಅಲ್ಲಿ ಯಂತ್ರದ ಗೆರೆ ಒಳಕ್ಕೆ ಸರಿಯಬಹುದು. ಬಡಿತ ಏರುಪೇರಾಗಿದ್ದರೆ ಚಿತ್ರದ ಪದರಗಳು ಒಂದಕ್ಕೊಂದು ಕೂಡುವುದಿಲ್ಲ. ನನ್ನಂಥವನು ಅಂಥ ಚಿತ್ರ ನೋಡಿದರೆ "ಇದರಲ್ಲಿ ಅಳೆಯಲು ಬರುವುದಿಲ್ಲ, ಇನ್ನೊಮ್ಮೆ ತೆಗೆಯಿರಿ" ಅನ್ನುತ್ತೇನೆ. ಯಂತ್ರ ಎಷ್ಟೋ ಸಲ ಹಾಗೆ ಹೇಳುವುದಿಲ್ಲ. ಕೆಟ್ಟ ಚಿತ್ರದ ಮೇಲೂ ನೀಟಾಗಿ, ಧೈರ್ಯವಾಗಿ ಗೆರೆ ಎಳೆದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ನೋಡಲು ಬಹಳ ನಂಬಿಕೆ ಹುಟ್ಟಿಸುವಂತೆ ಇರುತ್ತದೆ. ಅದಕ್ಕೇ ಯಂತ್ರ ಎಳೆದ ಗೆರೆಯನ್ನು ಪದರ ಪದರವಾಗಿ ಕಣ್ಣಿಂದ ನೋಡದೆ ಸೈಜ್ ಬರೆಯಬಾರದು ಅಂತ ನಾನು ಹಟ ಹಿಡಿಯುತ್ತೇನೆ. ಕಿರಿಯ ಡಾಕ್ಟರುಗಳು ಇಲ್ಲಿ ಇದ್ದೀರಿ. ನಿಮಗೂ ಅದನ್ನೇ ಹೇಳುತ್ತೇನೆ. ಮೊದಲು ಕೈಯಲ್ಲಿ ಅಳೆಯಲು ಕಲಿಯಿರಿ. ಕೈಯಲ್ಲಿ ಅಳೆಯಲು ಬಾರದವರಿಗೆ ಯಂತ್ರದ ತಪ್ಪು ಕಾಣುವುದಿಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ. ಇಲ್ಲಿಯವರೆಗೆ ನಾನು ಹೇಳಿದ ಯಂತ್ರಗಳು ಹೆಚ್ಚಾಗಿ ಕಲಿತಿರುವುದು ಯಾವ ವಾಲ್ವು ನೋಡಿ? ಅಮೆರಿಕ, ಯುರೋಪಿನ ವಯಸ್ಸಾದವರ ವಾಲ್ವು. ವಯಸ್ಸಿನಿಂದ ಸುಣ್ಣ ಕಟ್ಟಿದ ವಾಲ್ವು. ಅಂಥವರು ನಮ್ಮಲ್ಲೂ ಇದ್ದಾರೆ, ಜಾಸ್ತಿಯಾಗುತ್ತಲೂ ಇದ್ದಾರೆ. ಆದರೆ ನಮ್ಮಲ್ಲಿ ವಾಲ್ವು ಕೆಡಲು ಇನ್ನೊಂದು ದೊಡ್ಡ ಕಾರಣ ಇದೆ. ರುಮ್ಯಾಟಿಕ್ ಜ್ವರ. ಮಗುವಿಗೆ ಗಂಟಲು ನೋವು ಬರುತ್ತದೆ. ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ. ಔಷಧಿ ಬೀಳುವುದಿಲ್ಲ. ಎರಡು ಮೂರು ವಾರ ಬಿಟ್ಟು ಜ್ವರ, ಕೀಲು ನೋವು. ಬ್ಯಾಕ್ಟೀರಿಯಾದ ವಿರುದ್ಧ ಎದ್ದ ದೇಹದ ರಕ್ಷಣಾ ಶಕ್ತಿ ತನ್ನದೇ ವಾಲ್ವನ್ನೂ ಹೊಡೆಯುತ್ತದೆ. ಮತ್ತೆ ಮತ್ತೆ ಹೀಗಾದರೆ ಎಸಳುಗಳ ಅಂಚು ಒಂದಕ್ಕೊಂದು ಅಂಟಿ, ದಪ್ಪಗಾಗಿ, ಬಾಯಿ ಕಿರಿದಾಗುತ್ತದೆ. ಹೆಚ್ಚಾಗಿ ಮೈಟ್ರಲ್ ವಾಲ್ವಿಗೆ. ಚಿಕ್ಕ ಕೋಣೆಯಲ್ಲಿ ತುಂಬ ಜನ ಮಲಗುವ ಕಡೆ ಈ ಬ್ಯಾಕ್ಟೀರಿಯಾ ಸುಲಭವಾಗಿ ಹರಡುತ್ತದೆ. ತೋಟದ ಲೈನ್ ಮನೆಗಳನ್ನು ನೋಡಿದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ.

ಸಕಲೇಶಪುರದ ಕಡೆಯ ಒಬ್ಬ ಹೆಣ್ಣುಮಗಳು ನನಗೆ ಯಾವಾಗಲೂ ನೆನಪಾಗುತ್ತಾಳೆ. ಕಾಫಿ ತೋಟದ ಕೆಲಸ. ಚಿಕ್ಕ ವಯಸ್ಸು. ಮೊದಲ ಬಸುರಿ. ರಾತ್ರಿ ಮಲಗಲು ಆಗುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಜೊತೆಗೆ ಬಂದಿದ್ದ ಅತ್ತೆ ಹೇಳಿದರು: "ಬಸುರಿ ಅಲ್ವಾ ಸ್ವಾಮಿ, ಏದುಸಿರು ಇದ್ದೇ ಇರುತ್ತೆ ಅಂತ ಸುಮ್ನಿದ್ವಿ." ಆ ಅತ್ತೆಯನ್ನು ದೂರುವ ಹಾಗಿಲ್ಲ. ಬಸುರಿಯಲ್ಲಿ ಮೈಯ ರಕ್ತ ಶೇಕಡಾ 40-50ರಷ್ಟು ಹೆಚ್ಚುತ್ತದೆ. ಅಷ್ಟೂ ರಕ್ತ ಕಿರಿದಾದ ವಾಲ್ವಿನ ಮೂಲಕ ಹೋಗಬೇಕು. ಹೋಗಲಾರದೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಕಾಯಿಲೆ ಬಸುರಿಯಲ್ಲಿ ಹೀಗೆ ಎದ್ದು ಕಾಣುತ್ತದೆ. ಎಕೋ ಇಟ್ಟರೆ ಮೈಟ್ರಲ್ ವಾಲ್ವಿನ ಬಾಯಿ 1 ಚದರ ಸೆಂಟಿಮೀಟರೂ ಇಲ್ಲ. ಇರಬೇಕಾದದ್ದು 4ರಿಂದ 6.

ಆಕೆಗೆ ಬಲೂನ್ ಚಿಕಿತ್ಸೆ ಸಾಕಾಯಿತು. ಜಪಾನಿನ ಕಾಂಜಿ ಇನೋವೆ 1980ರ ದಶಕದಲ್ಲಿ ಕಂಡುಹಿಡಿದ ವಿಧಾನ ಅದು. ತೊಡೆಯ ನಾಳದಿಂದ ಬಲೂನ್ ಒಯ್ದು, ವಾಲ್ವಿನೊಳಗೆ ಉಬ್ಬಿಸಿ, ಅಂಟಿಕೊಂಡ ಅಂಚುಗಳನ್ನು ಬಿಡಿಸುವುದು. ಆದರೆ ಎಲ್ಲರಿಗೂ ಆಗುವುದಿಲ್ಲ. ಎಸಳು ಎಷ್ಟು ಆಡುತ್ತದೆ, ಎಷ್ಟು ದಪ್ಪ, ಸುಣ್ಣ ಎಷ್ಟು, ಎಸಳನ್ನು ಕೆಳಗಿನಿಂದ ಹಿಡಿದಿರುವ ದಾರಗಳು ಎಷ್ಟು ಅಂಟಿವೆ, ಈ ನಾಲ್ಕಕ್ಕೆ 1ರಿಂದ 4ರವರೆಗೆ ಅಂಕ ಕೊಡುತ್ತೇವೆ. ಒಟ್ಟು 8ರೊಳಗಿದ್ದರೆ ಬಲೂನ್ ಚೆನ್ನಾಗಿ ಕೆಲಸ ಮಾಡುವ ಸಾಧ್ಯತೆ ಜಾಸ್ತಿ. ಮೀರಿದಷ್ಟೂ ಆಪರೇಷನ್ ಕಡೆಗೆ ವಾಲುತ್ತೇವೆ. ಈ ಅಂಕ ಕೊಡುವುದು ಕಣ್ಣಂದಾಜಿನಲ್ಲಿ. ನಾನು 8 ಕೊಟ್ಟದ್ದಕ್ಕೆ ಇನ್ನೊಬ್ಬರು 10 ಕೊಡಬಹುದು. ಯಂತ್ರದ ಸಹಾಯ ನಮಗೆ ನಿಜವಾಗಿ ಬೇಕಿರುವುದು ಇಲ್ಲಿ. ಆದರೆ ಇಲ್ಲಿ ಕಲಿಸಲು ಬೇಕಾದ ಚಿತ್ರಗಳು ಸ್ಟ್ಯಾನ್‌ಫರ್ಡ್‌ನಲ್ಲಿ ಸಿಗುವುದಿಲ್ಲ. ಅವು ಹಾಸನದಲ್ಲಿವೆ, ಮೈಸೂರು, ಕಲಬುರಗಿಯಲ್ಲಿವೆ. ಹಳೆಯ ಎಕೋ ಯಂತ್ರಗಳ ಹಾರ್ಡ್‌ಡಿಸ್ಕ್ ತುಂಬಿದಾಗ ಅಳಿಸಿಹೋಗುತ್ತಿವೆ. ನನಗೆ ನಿಜಕ್ಕೂ ಹೊಟ್ಟೆ ಉರಿಯುವ ವಿಷಯ ಇದು.

ಮೈಟ್ರಲ್ ವಾಲ್ವಿನ ಆಪರೇಷನ್ ಬಗ್ಗೆಯೂ ಎರಡು ಮಾತು. ಸೋರುವ ವಾಲ್ವನ್ನು ತೆಗೆದು ಬೇರೆ ಹಾಕಬಹುದು, ಇಲ್ಲವೇ ಇರುವುದನ್ನೇ ರಿಪೇರಿ ಮಾಡಬಹುದು. ಆಗುವ ಹಾಗಿದ್ದರೆ ರಿಪೇರಿಯೇ ಒಳ್ಳೆಯದು. ಲೋಹದ ವಾಲ್ವು ಹಾಕಿದರೆ ರಕ್ತ ಹೆಪ್ಪುಗಟ್ಟದ ಮಾತ್ರೆ ಬದುಕಿರುವವರೆಗೂ ಬೇಕು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ತಯಾರಿಸಿ, 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಹಾಕಿದ ಚಿತ್ರಾ ವಾಲ್ವು ಎಷ್ಟೋ ಬಡವರ ಜೀವ ಉಳಿಸಿದೆ. ಅದಕ್ಕೂ ಈ ಮಾತ್ರೆ ಬೇಕೇ ಬೇಕು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ತೋರಿಸುವ ಐಎನ್ಆರ್ ರಕ್ತಪರೀಕ್ಷೆಯನ್ನು ಆಗಾಗ ಮಾಡಿಸಿ ಮಾತ್ರೆ ಹೆಚ್ಚು ಕಡಿಮೆ ಮಾಡುತ್ತಿರಬೇಕು. ಅರಕಲಗೂಡಿನ ಒಳಗಿನ ಹಳ್ಳಿಯಿಂದ ಅದಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಬರಬೇಕು. ಬರಲು ಆಗದೆ ಬಿಟ್ಟವರಲ್ಲಿ ವಾಲ್ವಿನಲ್ಲೇ ರಕ್ತ ಹೆಪ್ಪುಗಟ್ಟಿದ್ದನ್ನು ನೋಡಿದ್ದೇನೆ. ಅದಕ್ಕೇ ರಿಪೇರಿ ಆಗುತ್ತದೆಯೇ ಅಂತ ಮೊದಲೇ ತಿಳಿಯುವುದು ಇಷ್ಟು ಮುಖ್ಯ. ಅನ್ನನಾಳದೊಳಗೆ ಎಕೋ ಕೊಳವೆ ಇಳಿಸಿ, ಬಡಿಯುವ ವಾಲ್ವನ್ನು ಮೂರು ಆಯಾಮದಲ್ಲಿ ನೋಡುವುದು 2007ರ ಸುಮಾರಿಗೆ ಶುರುವಾಯಿತು. ಸರ್ಜನ್ ಹೃದಯದ ಎಡಗಡೆಯ ಮೇಲಿನ ಕೋಣೆ ತೆರೆದಾಗ ಹೇಗೆ ಕಾಣುತ್ತದೋ ಹಾಗೆಯೇ ಪರದೆ ಮೇಲೆ ತಿರುಗಿಸಿ ತೋರಿಸಬಹುದು. ಯಾವ ಎಸಳಿನ ಯಾವ ಭಾಗ ಜೋತಿದೆ, ಸುತ್ತಿನ ಉಂಗುರ ಎಷ್ಟು ಹಿಗ್ಗಿದೆ ಅಂತ ಕಂಪ್ಯೂಟರ್ ಅಳೆದು ಕೊಡುತ್ತದೆ. ಎಸಳು ಜೋತ ವಾಲ್ವಿನಲ್ಲಿ ಇದು ಸೊಗಸಾಗಿ ನಡೆಯುತ್ತದೆ. ರುಮ್ಯಾಟಿಕ್ ವಾಲ್ವಿನಲ್ಲಿ ಎಸಳು ಕುಗ್ಗಿ ದಪ್ಪಗಾಗಿರುತ್ತದೆ, ರಿಪೇರಿಯೂ ಕಷ್ಟ. ಅಲ್ಲಿ ಯಂತ್ರದ ಗೆರೆಯನ್ನು ಇನ್ನೂ ಎರಡು ಸಲ ನೋಡಬೇಕು.

ಅಪಾಯದ ಲೆಕ್ಕಾಚಾರಕ್ಕೂ ಇದೇ ಮಾತು. ಆಪರೇಷನ್ನಿನಲ್ಲಿ ಸಾವಿನ ಸಾಧ್ಯತೆ ಶೇಕಡಾ ಎಷ್ಟು ಅಂತ ಹೇಳುವ ಯುರೋಸ್ಕೋರ್-2 ಅನ್ನುವ ಸೂತ್ರ 2010ರಲ್ಲಿ 43 ದೇಶಗಳ 22,381 ರೋಗಿಗಳಿಂದ ಸಂಗ್ರಹಿಸಿದ ಮಾಹಿತಿಯಿಂದ ಆದದ್ದು. ಒಳ್ಳೆಯ ಕೆಲಸ. ಆದರೂ ಅದರಲ್ಲಿ ಹೆಚ್ಚಿನವರು ಯುರೋಪಿನವರು. ತೂಕ ಕಡಿಮೆ, ರಕ್ತ ಕಡಿಮೆ, ತಡವಾಗಿ ಬರುವ ನಮ್ಮ ರೋಗಿಗೆ ಆ ಶೇಕಡಾವನ್ನು ಹಾಗೇ ಓದಿ ಹೇಳುವುದು ನ್ಯಾಯ ಅಲ್ಲ.

ನಮಗೆ ಯಂತ್ರ ಎಲ್ಲಕ್ಕಿಂತ ಜಾಸ್ತಿ ಬೇಕಿರುವುದು ಆಪರೇಷನ್ ಕೋಣೆಯಲ್ಲಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಶಾಲೆಯಲ್ಲಿ, ತಾಲೂಕು ಆಸ್ಪತ್ರೆಯಲ್ಲಿ, ಬಸುರಿ ಹೆಂಗಸರ ತಪಾಸಣೆಯಲ್ಲಿ ಬೇಕು. 2007ರಲ್ಲಿ ಕಾಂಬೋಡಿಯಾ ಮತ್ತು ಮೊಜಾಂಬಿಕ್ ಶಾಲಾ ಮಕ್ಕಳ ಒಂದು ಅಧ್ಯಯನ ಪ್ರಕಟವಾಯಿತು. ಸ್ಟೆತಸ್ಕೋಪಿನಲ್ಲಿ ಸಿಕ್ಕಿದ್ದಕ್ಕಿಂತ ಸುಮಾರು ಹತ್ತು ಪಟ್ಟು ರುಮ್ಯಾಟಿಕ್ ವಾಲ್ವುಗಳು ಎಕೋದಲ್ಲಿ ಸಿಕ್ಕವು. ಹಾಗೆ ಬೇಗ ಸಿಕ್ಕಿದರೆ ಪ್ರಯೋಜನ ಇದೆಯೇ? ಇದೆ. ಉಗಾಂಡಾದಲ್ಲಿ ಇನ್ನೂ ಲಕ್ಷಣ ಕಾಣದ, ಎಕೋದಲ್ಲಿ ಮಾತ್ರ ಕಂಡ 818 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ಎರಡು ವರ್ಷದ ಕೊನೆಗೆ ಇಂಜೆಕ್ಷನ್ ಕೊಟ್ಟವರಲ್ಲಿ ಕಾಯಿಲೆ ಮುಂದುವರಿದದ್ದು 3 ಮಕ್ಕಳಲ್ಲಿ. ಕೊಡದವರಲ್ಲಿ 33. ಒಂದು ಹಳೆಯ, ಅಗ್ಗದ ಇಂಜೆಕ್ಷನ್. ಅದರಿಂದ ಮುಂದೆ ಒಂದು ಆಪರೇಷನ್ ತಪ್ಪಬಹುದು.

ಅಷ್ಟು ಮಕ್ಕಳಿಗೆ ಎಕೋ ಮಾಡಲು ಡಾಕ್ಟರು ಎಲ್ಲಿ ಅಂತ ಕೇಳುತ್ತೀರಿ. ಅದಕ್ಕೂ ದಾರಿ ಕಾಣುತ್ತಿದೆ. ಹಿಂದೆ ಎಂದೂ ಎಕೋ ಮಾಡದ 8 ನರ್ಸುಗಳ ಕೈಗೆ ಎಕೋ ಕೊಟ್ಟು, ಯಂತ್ರವೇ ಸ್ವಲ್ಪ ಎಡಕ್ಕೆ, ಸ್ವಲ್ಪ ಓರೆ ಅಂತ ಹೇಳುತ್ತಾ ಹೋಗುವ ಪ್ರಯೋಗ ಅಮೆರಿಕದಲ್ಲಿ 240 ರೋಗಿಗಳ ಮೇಲೆ ನಡೆಯಿತು. ಸುಮಾರು ಎಲ್ಲರಲ್ಲೂ ಮುಖ್ಯ ಪ್ರಶ್ನೆಗಳಿಗೆ ಉತ್ತರ ಹೇಳುವಷ್ಟು ಚಿತ್ರ ಸಿಕ್ಕಿತು. ಅಂತಿಮವಾಗಿ ನೋಡಿ ಹೇಳಿದವರು ಡಾಕ್ಟರುಗಳೇ. ನಮ್ಮ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ತಜ್ಞರಿಗೆ ಹೋಗುತ್ತದೆ, ಯಂತ್ರದ ಸಹಾಯದಿಂದ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಹೃದಯಾಘಾತಕ್ಕೆ ಕಟ್ಟಿದ ಆ ದಾರಿಯಲ್ಲೇ ಎಕೋ ಚಿತ್ರವೂ ಹೋಗಬಹುದು ಅಲ್ವಾ? ಉಗಾಂಡಾದ ಮಕ್ಕಳ ಎಕೋ ಚಿತ್ರಗಳಿಂದ ರುಮ್ಯಾಟಿಕ್ ಸೋರಿಕೆ ಗುರುತಿಸಲು ಯಂತ್ರಕ್ಕೆ ಕಲಿಸುವ ಕೆಲಸ ಆಗಲೇ ಆಗಿದೆ. ಅಲ್ಲಿ ಆಗುವುದಾದರೆ ಹಾಸನದಲ್ಲಿ ಯಾಕೆ ಆಗಬಾರದು? ಇಲ್ಲಿ ವೈದ್ಯಕೀಯ ಕಾಲೇಜಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ರೋಗಿಯ ಹೆಸರು ತೆಗೆದು, ಒಪ್ಪಿಗೆ ಪಡೆದು, ಚಿತ್ರಗಳನ್ನು ಜೋಪಾನ ಮಾಡಿ, ಡಾಕ್ಟರುಗಳು ಕೂತು ಗೆರೆ ಎಳೆದು ಕೊಡಬೇಕು. ಬೇಸರ ತರುವ ಕೆಲಸ. ಆದರೆ ಬೇರೆಯವರು ಬಂದು ಮಾಡಿಕೊಡುವ ಕೆಲಸ ಅಲ್ಲ.

ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ. ಹೊಳೆನರಸೀಪುರದ ಒಬ್ಬ ಮೇಷ್ಟ್ರು ಕೇಳಿದರು: "ರೋಬೋಟ್ ಬಂದಿದೆ ಅಂತಾರೆ. ಮುಂದೆ ಅದೇ ಆಪರೇಷನ್ ಮಾಡುತ್ತಾ?" ರೋಬೋಟಿನಿಂದ ಮೈಟ್ರಲ್ ರಿಪೇರಿ 1998ರಿಂದಲೇ ನಡೆಯುತ್ತಿದೆ. ಆದರೆ ಅದು ತಾನಾಗಿ ಏನನ್ನೂ ಮಾಡುವುದಿಲ್ಲ. ಪಕ್ಕದಲ್ಲಿ ಕೂತ ಸರ್ಜನ್ ಕೈ ಆಡಿಸಿದಂತೆ ಅದರ ಉಪಕರಣ ಆಡುತ್ತದೆ. ಗಾಯ ಚಿಕ್ಕದು, ಚೇತರಿಕೆ ಬೇಗ. ಹೊಲಿಗೆ ಎಲ್ಲಿ ಹಾಕಬೇಕು ಅನ್ನುವ ತೀರ್ಮಾನ ಸರ್ಜನ್ನರದ್ದೇ.

ಇನ್ನೊಬ್ಬರು, ಮಗಳಿಗೆ ವಾಲ್ವಿನ ಕಾಯಿಲೆ ಇರುವ ತಾಯಿ, ಏನೇನು ಜೋಪಾನ ಮಾಡಬೇಕು ಅಂತ ಕೇಳಿದರು. ಅಮ್ಮ, ಮೊದಲನೆಯದು, ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬರೆದಿದ್ದರೆ ಒಂದೂ ತಪ್ಪಿಸಬೇಡಿ. ಆಪರೇಷನ್ ಆದ ಮೇಲೂ ಡಾಕ್ಟರು ನಿಲ್ಲಿಸಿ ಅನ್ನುವವರೆಗೆ ಮುಂದುವರಿಸಿ. ವಾಲ್ವು ರಿಪೇರಿ ಆದರೂ ಗಂಟಲಿನ ಸೋಂಕು ಮತ್ತೆ ಬರಬಹುದು. ಎರಡನೆಯದು, ಎಕೋ ಮಾಡಿಸಿದಾಗ ಬರೀ ರಿಪೋರ್ಟ್ ಹಾಳೆ ತರಬೇಡಿ. ಚಿತ್ರಗಳನ್ನೂ ಸಿಡಿಯಲ್ಲೋ ಪೆನ್‌ಡ್ರೈವ್‌ನಲ್ಲೋ ಹಾಕಿ ಕೊಡಿ ಅಂತ ಕೇಳಿ. ಡೈಕಾಮ್ ಫೈಲ್ ಬೇಕು ಅಂದರೆ ಅವರಿಗೆ ಅರ್ಥ ಆಗುತ್ತದೆ. ಹಾಳೆಯ ಮೇಲಿನ ಚಿತ್ರವನ್ನು ಮೊಬೈಲಿನಲ್ಲಿ ಫೋಟೊ ತೆಗೆದರೆ ಅದರಿಂದ ಅಳೆಯಲು ಬರುವುದಿಲ್ಲ. ಡೈಕಾಮ್ ಫೈಲ್ ಇದ್ದರೆ ಐದು ವರ್ಷ ಬಿಟ್ಟು ಬೇರೆ ಊರಿನ ಡಾಕ್ಟರೂ ಅದೇ ವಾಲ್ವನ್ನು ಮತ್ತೆ ಅಳೆದು, ಎಷ್ಟು ಬದಲಾಗಿದೆ ಅಂತ ಹೇಳಬಹುದು. ಹೆಸರು, ತಾರೀಖು ಬರೆದು ಆಧಾರ್ ಕಾರ್ಡ್, ಪಡಿತರ ಚೀಟಿ ಇಡುವ ಜಾಗದಲ್ಲೇ ಇಡಿ.